ಬೆಂಕಿ ಇದೆ, ಬಿಸಿ ಇಲ್ಲ: ಕೌಂಟ್ ರಮ್‌ಫರ್ಡ್ ಕಥೆ

ದಸರಾ ರಜೆಯಲ್ಲಿ ನಾವು ನಾಲ್ಕು ಜನ ಹಾಸ್ಟೆಲ್ ಗೆಳೆಯರು ತೀರ್ಥಹಳ್ಳಿ ಹತ್ತಿರ ಇರೋ ಒಬ್ಬನ ಅಜ್ಜಿ ಮನೆಗೆ ಹೋಗಿದ್ವಿ. ಬೆಳಿಗ್ಗೆ ಬಚ್ಚಲು ಮನೆಯ ಹಂಡೆ ಒಲೆ ಹಚ್ಚೋ ಕೆಲಸ ನಮ್ಮ ಪಾಲಿಗೆ ಬಂತು. ಮುಕ್ಕಾಲು ಗಂಟೆ ಊದಿದ್ವಿ. ಬಚ್ಚಲು ತುಂಬಾ ಹೊಗೆ, ಕಣ್ಣು ತುಂಬಾ ನೀರು, ಹಂಡೆಯ ನೀರು ಮಾತ್ರ ಹಾಗೇ ತಣ್ಣಗೆ. ಬೆಂಕಿ ಸಾಲದು ಅಂದ್ಕೊಂಡು ಇನ್ನೂ ನಾಲ್ಕು ಸೌದೆ ತುರುಕಿದ್ವಿ. ಹೊಗೆ ಇನ್ನೂ ಜಾಸ್ತಿ ಆಯ್ತು. ಕೊನೆಗೆ ಅಜ್ಜಿ ಬಂದರು. ಅರ್ಧಕ್ಕರ್ಧ ಸೌದೆ ಹೊರಗೆ ಎಳೆದರು, ಅಡಿಯಲ್ಲಿ ತುಂಬಿದ್ದ ಬೂದಿ ಕೆರೆದು ತೆಗೆದರು, ಉಳಿದ ಸೌದೆಯನ್ನ ಗಾಳಿ ಆಡೋ ಹಾಗೆ ಬಿಡಿಬಿಡಿಯಾಗಿ ಇಟ್ಟರು, ಊದುಗೊಳವೆಯಲ್ಲಿ ಎರಡು ಸಲ ಊದಿದರು. ಧಗ್ ಅಂತ ಹತ್ತಿಕೊಳ್ತು. ನಾವು ಎಂಜಿನಿಯರಿಂಗ್ ಓದೋರು ಅಂತ ಅವರಿಗೆ ಗೊತ್ತಿತ್ತು. ಪುಣ್ಯಕ್ಕೆ ಆ ವಿಷಯ ಎತ್ತಲಿಲ್ಲ.

ವಾಪಸ್ ಬಂದು ಥರ್ಮೋಡೈನಮಿಕ್ಸ್ ಇಂಟರ್ನಲ್ಸ್‌ಗೆ ಓದುವಾಗ ಪುಸ್ತಕದಲ್ಲಿ ಒಂದು ಹೆಸರು ಸಿಕ್ಕಿತು, ಕೌಂಟ್ ರಮ್‌ಫರ್ಡ್. ಫಿರಂಗಿ ಕೊರೆದು ಶಾಖದ ಬಗ್ಗೆ ಹೊಸ ವಿಷಯ ತೋರಿಸಿದವನು ಅಂತ ಒಂದೇ ಪ್ಯಾರಾ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸ್ವಲ್ಪ ಹುಡುಕಿ ನೋಡಿದಾಗ ಗೊತ್ತಾಯ್ತು, ಅಜ್ಜಿ ಆವತ್ತು ಬಚ್ಚಲಲ್ಲಿ ಮಾಡಿದ್ದನ್ನೇ ಈ ಮನುಷ್ಯ 1790ರ ದಶಕದಲ್ಲಿ ಲಂಡನ್ನಿನ ಮನೆಮನೆಗೂ ಹೋಗಿ ಮಾಡಿದ್ದ. ಹಾಗಾಗಿ ಈ ಸಂಚಿಕೆಗೆ ಅವನ ಕಥೆ ಬರೀತಿದ್ದೀವಿ. ಮೊದಲೇ ಹೇಳಿಬಿಡ್ತೀವಿ, ಇದು ಪೂರ್ತಿ ಒಳ್ಳೆಯವನ ಕಥೆ ಅಲ್ಲ.

ಹತ್ತೊಂಬತ್ತರ ಹುಡುಗ

ರಮ್‌ಫರ್ಡ್ ಅವನ ಹುಟ್ಟುಹೆಸರಲ್ಲ. 1753ರ ಮಾರ್ಚ್ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಬರ್ನ್ ಎಂಬ ಊರಲ್ಲಿ ಹುಟ್ಟಿದಾಗ ಅವನು ಬೆಂಜಮಿನ್ ಥಾಂಪ್ಸನ್. ಆಗ ಅದು ಇನ್ನೂ ಬ್ರಿಟಿಷರ ವಸಾಹತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡ. ಹದಿಮೂರನೇ ವಯಸ್ಸಿಗೆ ಸೇಲಂ ಊರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಂಗಡಿಯ ಲೆಕ್ಕಕ್ಕಿಂತ ಪ್ರಯೋಗದ ಹುಚ್ಚೇ ಹೆಚ್ಚು. ಪಟಾಕಿ ಮದ್ದು ಅರೆಯಲು ಹೋಗಿ ಮೈಸುಟ್ಟುಕೊಂಡ. ಸ್ನೇಹಿತ ಲೋಮ್ಮಿ ಬಾಲ್ಡ್ವಿನ್ ಜೊತೆ ಮೈಲುಗಟ್ಟಲೆ ನಡೆದು ಹಾರ್ವರ್ಡ್‌ಗೆ ಹೋಗಿ ಭೌತಶಾಸ್ತ್ರದ ಪಾಠ ಕೇಳಿ ಬರುತ್ತಿದ್ದ. ಅಲ್ಲಿನ ವಿದ್ಯಾರ್ಥಿಯಾಗಿ ಅಲ್ಲ, ಸುಮ್ಮನೆ ಕೂತು ಕೇಳೋಕೆ. ಶೇಕಡಾ 75 ಹಾಜರಿಗಾಗಿ ಕ್ಲಾಸಿಗೆ ಹೋಗೋ ನಮಗೆ ಇದು ಅರ್ಥ ಆಗೋದು ಸ್ವಲ್ಪ ಕಷ್ಟ.

1772ರಲ್ಲಿ, ಹತ್ತೊಂಬತ್ತು ವರ್ಷಕ್ಕೆ, ನ್ಯೂ ಹ್ಯಾಂಪ್‌ಷೈರ್‌ನ ಕಾಂಕರ್ಡ್ ಊರಿಗೆ ಶಾಲಾ ಮೇಷ್ಟ್ರಾಗಿ ಹೋದವನು ಅಲ್ಲಿನ ಶ್ರೀಮಂತ ವಿಧವೆ ಸಾರಾ ಅವರನ್ನ ಮದುವೆಯಾದ. ಆಕೆ ಅವನಿಗಿಂತ ಹತ್ತಕ್ಕೂ ಹೆಚ್ಚು ವರ್ಷ ದೊಡ್ಡವರು. ನಮಗೂ ಈಗ ಹತ್ತೊಂಬತ್ತು, ಇನ್ನೂ ಓಪನ್ ಎಲೆಕ್ಟಿವ್ ಯಾವುದು ಅಂತ ತೀರ್ಮಾನ ಮಾಡೋಕೇ ಆಗಿಲ್ಲ. ಥಾಂಪ್ಸನ್ ಮಾತ್ರ ಒಂದೇ ಏಟಿಗೆ ಜಮೀನ್ದಾರ, ಸೇನೆಯಲ್ಲಿ ಮೇಜರ್, ಊರಿನ ಗಣ್ಯ ಎಲ್ಲಾ ಆಗಿಬಿಟ್ಟ. 1774ರಲ್ಲಿ ಮಗಳು ಹುಟ್ಟಿದಳು. ಅವಳ ಹೆಸರೂ ಸಾರಾ.

ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟ ಶುರುವಾಯ್ತು. ಊರವರೆಲ್ಲ ಹೋರಾಟದ ಕಡೆ, ಥಾಂಪ್ಸನ್ ರಾಜನ ಕಡೆ. ಬರೀ ಅಭಿಪ್ರಾಯ ಅಲ್ಲ, ಬ್ರಿಟಿಷರಿಗೆ ಗುಟ್ಟಾಗಿ ಸುದ್ದಿಯನ್ನೂ ಕಳಿಸುತ್ತಿದ್ದ. ಕಣ್ಣಿಗೆ ಕಾಣದ ಶಾಯಿಯಲ್ಲಿ ಅವನು ಬರೆದ 1775ರ ಪತ್ರ ಬ್ರಿಟಿಷ್ ಸೇನಾಧಿಪತಿಯ ಕಾಗದಗಳ ನಡುವೆ ಬಹಳ ಕಾಲದ ನಂತರ ಸಿಕ್ಕಿದೆ. ಜನರಿಗೆ ಅನುಮಾನ ಹತ್ತಿತು. ಅವನು ಹೆಂಡತಿಯನ್ನ, ವರ್ಷದ ಕೂಸನ್ನ ಬಿಟ್ಟು ಬ್ರಿಟಿಷರ ಕಡೆಗೆ ಹೋದ, 1776ರಲ್ಲಿ ಲಂಡನ್ ಸೇರಿದ. ಹೆಂಡತಿ 1792ರಲ್ಲಿ ತೀರಿಕೊಂಡರು. ಅಲ್ಲಿವರೆಗೂ ಒಂದು ಸಲವೂ ಅವರ ಮುಖ ನೋಡಲಿಲ್ಲ.

ಯುದ್ಧದ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಒಮ್ಮೆ ಅಮೆರಿಕಕ್ಕೆ ಬಂದ. ನ್ಯೂಯಾರ್ಕ್ ಬಳಿಯ ಹಂಟಿಂಗ್ಟನ್‌ನಲ್ಲಿ ಅವನ ಪಡೆ ಊರಿನ ಸ್ಮಶಾನದ ಮೇಲೇ ಕೋಟೆ ಕಟ್ಟಿತು. ಸಮಾಧಿಗಳ ಕಲ್ಲು ಕಿತ್ತು ರೊಟ್ಟಿ ಬೇಯಿಸೋ ಗೂಡು ಕಟ್ಟಿಕೊಂಡರು. ರೊಟ್ಟಿಯ ಅಡಿಯಲ್ಲಿ ಸತ್ತವರ ಹೆಸರು ತಿರುವುಮುರುವಾಗಿ ಅಚ್ಚಾಗಿ ಬರುತ್ತಿತ್ತು ಅಂತ ಆ ಊರಿನಲ್ಲಿ ಕಥೆ ಉಳಿದಿದೆ. ಮುಂದೆ ಬಡವರ ಒಲೆಗಳ ಬಗ್ಗೆ ತಲೆ ಕೆಡಿಸಿಕೊಂಡವನೂ ಇವನೇ ಅಂತ ನೆನಪಿಟ್ಟುಕೊಳ್ಳಿ.

ಮ್ಯೂನಿಕ್‌ನಲ್ಲಿ ಬಟ್ಟೆ, ಗಂಜಿ, ಬೆಂಕಿ

ಲಂಡನ್ನಿನಲ್ಲಿ ಮದ್ದುಗುಂಡಿನ ಪ್ರಯೋಗ ಮಾಡಿ 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಯುದ್ಧ ಮುಗಿದ ಮೇಲೆ ಯುರೋಪ್ ಕಡೆ ಹೊರಟು, ಜರ್ಮನಿಯ ಬವೇರಿಯಾದ ದೊರೆ ಕಾರ್ಲ್ ಥಿಯೋಡರ್ ಬಳಿ ಕೆಲಸಕ್ಕೆ ಸೇರಿದ. ಸೇನೆಯನ್ನ ಸರಿಪಡಿಸೋದು ಅವನ ಜವಾಬ್ದಾರಿ. ಸೈನಿಕರಿಗೆ ಬೆಚ್ಚಗಿನ ಬಟ್ಟೆ ಬೇಕು, ಖರ್ಚು ಕಮ್ಮಿ ಆಗಬೇಕು. ಬೇರೆಯವರಾಗಿದ್ದರೆ ಟೆಂಡರ್ ಕರೀತಿದ್ರು. ಇವನು ಥರ್ಮಾಮೀಟರಿನ ಸುತ್ತ ಉಣ್ಣೆ, ರೇಷ್ಮೆ, ಹತ್ತಿ, ಹಕ್ಕಿಗರಿ ಸುತ್ತಿ ಯಾವುದು ಎಷ್ಟು ನಿಧಾನಕ್ಕೆ ತಣಿಯುತ್ತೆ ಅಂತ ಅಳೆದ. ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ಇರೋ ಗಾಳಿಯೇ ಬಿಸಿಯನ್ನ ಹಿಡಿದಿಡುತ್ತೆ ಅಂತ ಕಂಡುಕೊಂಡ. ಇಂಥ ಕೆಲಸಕ್ಕೆ 1792ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂತು.

1790ರ ಹೊಸವರ್ಷದ ದಿನ ಮ್ಯೂನಿಕ್ ಬೀದಿಗಳ ಭಿಕ್ಷುಕರನ್ನ ಸೈನಿಕರ ಕೈಯಲ್ಲಿ ಹಿಡಿಸಿ, ಅವರಿಗೆ ಊಟ, ಬೆಚ್ಚಗಿನ ಜಾಗ, ಕೆಲಸ ಕೊಡೋ ವ್ಯವಸ್ಥೆ ಶುರು ಮಾಡಿದ. ಕೆಲಸ ಅಂದರೆ ಸೈನ್ಯಕ್ಕೆ ಬೇಕಾದ ಬಟ್ಟೆ ತಯಾರಿಸೋದು. ದಯೆ ಎಷ್ಟು, ಲೆಕ್ಕಾಚಾರ ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ. ಬಾರ್ಲಿ, ಬಟಾಣಿ, ಆಲೂಗಡ್ಡೆ ಹಾಕಿ ಕಮ್ಮಿ ಖರ್ಚಲ್ಲಿ ಹೊಟ್ಟೆ ತುಂಬೋ ಗಂಜಿಯೊಂದನ್ನ ರೂಢಿಗೆ ತಂದ. ಅದಕ್ಕೆ ಇವತ್ತಿಗೂ ರಮ್‌ಫರ್ಡ್ ಸೂಪ್ ಅಂತಾರೆ. ಅಷ್ಟು ಜನಕ್ಕೆ ಬೇಯಿಸಬೇಕಾದಾಗ ಸೌದೆಯ ಖರ್ಚು ಕಣ್ಣಿಗೆ ಹೊಡೆಯಿತು. ತೆರೆದ ಬೆಂಕಿಯ ಮೇಲೆ ಪಾತ್ರೆ ನೇತುಹಾಕಿದರೆ ಬಹುಪಾಲು ಬಿಸಿ ಪಾತ್ರೆಗೆ ತಾಗದೆ ಹೋಗುತ್ತೆ. ಹಾಗಾಗಿ ಬೆಂಕಿಯನ್ನ ಇಟ್ಟಿಗೆಯೊಳಗೆ ಮುಚ್ಚಿ, ಪಾತ್ರೆಯನ್ನ ಗುಳಿಯಲ್ಲಿ ಕೂರಿಸಿ, ಜ್ವಾಲೆ ಪಾತ್ರೆಯ ಸುತ್ತ ಬಳಸಿಕೊಂಡು ಹೋಗೋ ಹಾಗೆ ಒಲೆ ಕಟ್ಟಿಸಿದ.

ಈ ನಡುವೆ ಬಿಸಿ ಬಿಸಿ ಸೇಬಿನ ತಿಂಡಿ, ಗಟ್ಟಿ ಅಕ್ಕಿ ಗಂಜಿ ತಿಂದು ಬಾಯಿ ಸುಟ್ಟುಕೊಂಡಿದ್ದನ್ನೂ ಅವನು ಸುಮ್ಮನೆ ಬಿಡಲಿಲ್ಲ. ನೀರು ಬೇಗ ಆರುತ್ತೆ, ಗಂಜಿ ಯಾಕೆ ಆರಲ್ಲ? ತೆಳ್ಳಗಿನ ದ್ರವದಲ್ಲಿ ಬಿಸಿಯಾದ ಭಾಗ ಮೇಲೇರಿ, ತಣ್ಣಗಿನ ಭಾಗ ಕೆಳಗಿಳಿದು ಒಂದು ಸುತ್ತಾಟ ನಡೀತಾ ಇರುತ್ತೆ, ಗಟ್ಟಿ ಗಂಜಿಯಲ್ಲಿ ಅದಕ್ಕೆ ಜಾಗ ಇಲ್ಲ. ನಾವು ಕನ್ವೆಕ್ಷನ್ ಅಂತ ಉರು ಹೊಡೆಯೋದು ಇದನ್ನೇ. ಮನೆಯಲ್ಲಿ ಪಾಯಸ ಕುಡಿದು ನಾಲಿಗೆ ಸುಟ್ಟುಕೊಂಡಾಗ ನಮಗೆ ಇದು ಹೊಳೆದೇ ಇರಲಿಲ್ಲ.

ಮ್ಯೂನಿಕ್‌ನ ಪ್ರಸಿದ್ಧ ಇಂಗ್ಲಿಷ್ ಗಾರ್ಡನ್ ಕೂಡ ಇವನು ಮುಂದೆ ನಿಂತು ಶುರು ಮಾಡಿಸಿದ್ದು. ದೊರೆ ಖುಷಿಯಾಗಿ ಕೌಂಟ್ ಪದವಿ ಕೊಟ್ಟ. ಯಾವ ಹೆಸರಿನ ಕೌಂಟ್ ಅನ್ನೋದನ್ನ ಆರಿಸುವಾಗ ಅವನು ತೆಗೆದುಕೊಂಡಿದ್ದು ರಮ್‌ಫರ್ಡ್. ಅದು ಕಾಂಕರ್ಡ್‌ನ ಹಳೇ ಹೆಸರು. ಹೆಂಡತಿಯನ್ನ ಬಿಟ್ಟು ಓಡಿಬಂದ ಊರಿನ ಹೆಸರನ್ನೇ ಜೀವನಪೂರ್ತಿ ಹೊತ್ತುಕೊಂಡ.

ಲಂಡನ್ನಿನ ಹೊಗೆ

1795ರಲ್ಲಿ ರಮ್‌ಫರ್ಡ್ ಮತ್ತೆ ಲಂಡನ್ನಿಗೆ ಬಂದ. ಬಂದ ಕೂಡಲೇ ಅವನ ಕಾಗದಪತ್ರ ಇದ್ದ ಪೆಟ್ಟಿಗೆ ಕಳುವಾಯ್ತು. ಊರಿನ ತುಂಬ ಕಲ್ಲಿದ್ದಲ ಹೊಗೆ.

ಅಲ್ಲಿನ ಮನೆಗಳಲ್ಲಿ ಗೋಡೆಯೊಳಗೆ ಬೆಂಕಿಗೂಡು ಇರುತ್ತೆ, ಫೈರ್‌ಪ್ಲೇಸ್ ಅಂತ ಸಿನಿಮಾದಲ್ಲಿ ನೋಡಿರ್ತೀರಿ. ಸಿನಿಮಾದಲ್ಲಿ ಚೆನ್ನಾಗಿರುತ್ತೆ. ನಿಜವಾದ ಲಂಡನ್ ಮನೆಯಲ್ಲಿ ಎರಡು ತೊಂದರೆ. ಒಂದು, ಎಷ್ಟು ಕಲ್ಲಿದ್ದಲು ಸುರಿದರೂ ಕೋಣೆ ಬೆಚ್ಚಗಾಗಲ್ಲ. ಬೆಂಕಿಯ ಮುಂದೆ ಕೂತರೆ ಎದೆ ಸುಡುತ್ತೆ, ಬೆನ್ನು ನಡುಗುತ್ತೆ. ಎರಡು, ಹೊಗೆ ಚಿಮಣಿಯಲ್ಲಿ ಹೋಗೋ ಬದಲು ಕೋಣೆಯೊಳಗೆ ನುಗ್ಗುತ್ತೆ. ಮನೆಯವರು ಮಾಡ್ತಿದ್ದದ್ದು ನಾವು ಬಚ್ಚಲಲ್ಲಿ ಮಾಡಿದ್ದನ್ನೇ, ಇನ್ನಷ್ಟು ಸುರಿಯೋದು.

ರಮ್‌ಫರ್ಡ್ ಕೇಳಿಕೊಂಡ ಪ್ರಶ್ನೆ ಬೇರೆ. ಬೆಂಕಿ ಉರೀತಿದೆ, ಬಿಸಿ ಹುಟ್ಟುತ್ತಿದೆ. ಹಾಗಾದ್ರೆ ಅದು ಹೋಗ್ತಿರೋದು ಎಲ್ಲಿಗೆ?

ಗೂಡಿನ ಮೇಲೆ ಚಿಮಣಿ ಶುರುವಾಗೋ ಜಾಗಕ್ಕೆ ಗಂಟಲು ಅನ್ನೋಣ. ಹಳೇ ಗೂಡುಗಳಲ್ಲಿ ಈ ಗಂಟಲು ವಿಪರೀತ ಅಗಲ. ಹೊಗೆ ಹೋಗೋಕೆ ಸ್ವಲ್ಪ ಜಾಗ ಸಾಕು, ಮಿಕ್ಕ ಜಾಗದಲ್ಲಿ ಕೋಣೆಯ ಗಾಳಿಯೇ ಹೊಗೆ ಜೊತೆ ಮೇಲಕ್ಕೆ ಹೋಗಿಬಿಡುತ್ತೆ. ಹಾಗೆ ಹೋದಷ್ಟು ಗಾಳಿ ಬಾಗಿಲು, ಕಿಟಕಿಗಳ ಸಂದಿಯಿಂದ ಚಳಿಗಾಳಿಯಾಗಿ ಒಳಗೆ ಬರಲೇಬೇಕು. ಅಂದರೆ ಬೆಂಕಿ ಜೋರಾದಷ್ಟೂ ಹೊರಗಿನ ಚಳಿಯನ್ನ ಒಳಗೆ ಎಳೆದುಕೊಳ್ಳುತ್ತೆ! ಹೊಗೆಗೂ ಕಾರಣ ಅದೇ. ಬಿಸಿ ಹೊಗೆ ಹಗುರ, ತಾನಾಗಿಯೇ ಮೇಲೇರುತ್ತೆ. ಅದಕ್ಕೆ ಅಷ್ಟೊಂದು ತಣ್ಣನೆ ಗಾಳಿ ಬೆರೆತರೆ ಹೊಗೆ ತಣಿದು ಭಾರವಾಗುತ್ತೆ, ಸೆಳೆತ ಸಾಯುತ್ತೆ. ಅಗಲದ ಗಂಟಲಲ್ಲಿ ಮೇಲಿಂದ ಗಾಳಿ ಕೆಳಗೂ ಬೀಸುತ್ತೆ. ಹೊಗೆ ಕೋಣೆಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ಅವನು ಮಾಡಿದ ರಿಪೇರಿ ಕೇಳಿದರೆ ಇಷ್ಟೇನಾ ಅನ್ನಿಸುತ್ತೆ. ಗೂಡಿನ ಹಿಂಗೋಡೆಯನ್ನ ಇಟ್ಟಿಗೆ ಕಟ್ಟಿ ಮುಂದಕ್ಕೆ ತಂದ, ಬೆಂಕಿ ಕೋಣೆಗೆ ಹತ್ತಿರ ಬಂತು. ಗಂಟಲನ್ನ ಹಿಂದು ಮುಂದಾಗಿ ಸುಮಾರು 4 ಇಂಚಿಗೆ ಕಿರಿದು ಮಾಡಿದ. ಗಂಟಲ ಮುಂಭಾಗದ ಚೂಪು ಅಂಚನ್ನ ದುಂಡಗೆ ಮಾಡಿದ, ಗಾಳಿ ತಡೆಯಿಲ್ಲದೆ ಜಾರಿಕೊಂಡು ಹೋಗಲಿ ಅಂತ. ಆಮೇಲೆ ಪಕ್ಕದ ಗೋಡೆಗಳು. ಮೊದಲು ಅವು ಹಿಂಗೋಡೆಗೆ 90 ಡಿಗ್ರಿಯಲ್ಲಿ ನೇರವಾಗಿ ನಿಂತು, ಎದುರುಬದುರು ಒಂದನ್ನೊಂದು ಬಿಸಿ ಮಾಡಿಕೊಳ್ಳುತ್ತಿದ್ದವು. ಇವನು ಅವನ್ನ 135 ಡಿಗ್ರಿಗೆ ಓರೆ ಮಾಡಿದ. ಗೂಡಿನ ಬಿಸಿ ಕೋಣೆಗೆ ಬರೋದು ಮುಖ್ಯವಾಗಿ ವಿಕಿರಣದಿಂದ, ರೇಡಿಯೇಷನ್‌ನಿಂದ. ಓರೆ ಗೋಡೆ ಅದನ್ನ ಕೋಣೆಯ ಕಡೆಗೆ ತಿರುಗಿಸುತ್ತೆ.

ಪೆನ್ನು ತೆಗೊಂಡು ಒಂದು ಚಿತ್ರ ಬರೆದು ನೋಡಿ. ಹಿಂಗೋಡೆಯ ಅಗಲ ಎಷ್ಟೋ ಗೂಡಿನ ಆಳವೂ ಅಷ್ಟೇ ಇಟ್ಟು, ಪಕ್ಕದ ಗೋಡೆ 135 ಡಿಗ್ರಿ ಮಾಡಿದರೆ, ಮುಂದಿನ ಬಾಯಿ ಹಿಂಗೋಡೆಯ ಸರಿಯಾಗಿ ಮೂರು ಪಟ್ಟು ಬರುತ್ತೆ. ಅವನು ಕೊಟ್ಟ ಅಳತೆಯೂ ಅದೇ. ಗಾರೆ ಕೆಲಸದವರು ಸುಲಭವಾಗಿ ನೆನಪಿಟ್ಟುಕೊಳ್ಳೋ ಲೆಕ್ಕ.

ಇನ್ನೊಂದು ವಿಷಯ ನಮಗೆ ತುಂಬಾ ಹಿಡಿಸಿತು. ಗೂಡಿನೊಳಗೆ ಕಬ್ಬಿಣಕ್ಕಿಂತ ಇಟ್ಟಿಗೆ ಗಾರೆಯೇ ವಾಸಿ ಅಂತ ಅವನು ಹೇಳಿದ. ದುಬಾರಿ ಲೋಹ ಬೇಡ, ಗೋಡೆ ಒಡೆಯೋದೂ ಬೇಡ, ಇದ್ದ ಗೂಡಿನೊಳಗೇ ನಾಲ್ಕು ಇಟ್ಟಿಗೆ ಇಟ್ಟರೆ ಆಯ್ತು. ಮಸಿ ಗುಡಿಸಲು ಆ ಕಾಲದಲ್ಲಿ ಪುಟ್ಟ ಹುಡುಗರನ್ನ ಚಿಮಣಿಯೊಳಗೆ ಹತ್ತಿಸುತ್ತಿದ್ದರು. 4 ಇಂಚಿನ ಗಂಟಲಲ್ಲಿ ಯಾವ ಹುಡುಗ ತೂರುತ್ತಾನೆ? ಅದಕ್ಕೇ ಹಿಂಗೋಡೆಯ ಮೇಲ್ಭಾಗದಲ್ಲಿ ತೆಗೆದು ಹಾಕಬಹುದಾದ ಒಂದು ಬಿಲ್ಲೆ ಇಡಿಸಿದ. ರಿಪೇರಿ ಮಾಡುವಾಗಲೇ ಮುಂದಿನ ಕ್ಲೀನಿಂಗ್ ಬಗ್ಗೆ ಯೋಚನೆ. ಆ ಹುಡುಗರನ್ನ ಚಿಮಣಿಗೆ ಇಳಿಸೋದೇ ತಪ್ಪು ಅನ್ನೋ ಯೋಚನೆಗೆ ಮಾತ್ರ ಅವನ ಅಳತೆಯಲ್ಲಿ ಜಾಗ ಇರಲಿಲ್ಲ.

ಆ ಒಂದು ಭೇಟಿಯಲ್ಲೇ ನೂರಕ್ಕೂ ಹೆಚ್ಚು ಗೂಡುಗಳನ್ನ ಸರಿಮಾಡಿಸಿದ. 1796ರಲ್ಲಿ ಎಲ್ಲಾ ಅಳತೆಗಳನ್ನೂ ಪ್ರಬಂಧವಾಗಿ ಅಚ್ಚು ಹಾಕಿಸಿದ. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅಂತ ಬಿಟ್ಟ. ರಮ್‌ಫರ್ಡ್ ಅನ್ನೋದು ಗೂಡಿನ ಹೆಸರೇ ಆಗಿಹೋಯ್ತು, ಜೇನ್ ಆಸ್ಟೆನ್ ಕಾದಂಬರಿಯಲ್ಲೂ ಅದು ಬರುತ್ತೆ. ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ 1800ರಲ್ಲಿ ಕೌಂಟ್ ಸಾಹೇಬರು ಕೋಟಿನ ಬಾಲ ಎತ್ತಿಕೊಂಡು ಬೆಂಕಿಗೆ ಹಿಂಭಾಗ ಕಾಯಿಸಿಕೊಳ್ಳೋ ಚಿತ್ರ ಬರೆದ. ಆ ಕಾಲದ ಮೀಮ್ ಅನ್ನಿ.

ಬೆಂಕಿಯಿಲ್ಲದೆ ಕುದಿದ ನೀರು

ಅದೇ ವರ್ಷ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ, ಮಗಳು ಸಾರಾ ಅಪ್ಪನನ್ನ ನೋಡಲು ಅಮೆರಿಕದಿಂದ ಬಂದಳು. ಅವಳ ಜೊತೆ ಮ್ಯೂನಿಕ್‌ಗೆ ಮರಳಿದ ರಮ್‌ಫರ್ಡ್ ಅಲ್ಲಿ ನಮ್ಮ ಟೆಕ್ಸ್ಟ್‌ಬುಕ್ಕಿನ ಆ ಪ್ರಯೋಗ ಮಾಡಿದ. ಫಿರಂಗಿ ಕೊರೆಯುವಾಗ ಲೋಹ ಸುಡುತ್ತೆ ಅನ್ನೋದು ಅಲ್ಲಿನ ಕೆಲಸಗಾರರಿಗೆ ಹೊಸದಲ್ಲ. ಇವನು ಬೇಕಂತಲೇ ಮೊಂಡು ಕೊರೆಯುಳಿ ಹಾಕಿ, ಸುತ್ತ ನೀರಿನ ಪೆಟ್ಟಿಗೆ ಕಟ್ಟಿ, ಕುದುರೆಯಿಂದ ತಿರುಗಿಸಿದ. ಎರಡೂವರೆ ಗಂಟೆಗೆ ನೀರು ಕುದಿಯಿತು. ಬೆಂಕಿಯೇ ಇಲ್ಲದೆ ನೀರು ಕುದಿಯೋದನ್ನ ನೋಡಿ ಸುತ್ತ ನಿಂತವರು ಬೆರಗಾದರು.

ಶಾಖ ಅನ್ನೋದು ವಸ್ತುವಿನೊಳಗೆ ತುಂಬಿರೋ ಒಂದು ದ್ರವ, ಹೆಸರು ಕ್ಯಾಲೊರಿಕ್, ಅಂತ ಆಗ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. ದ್ರವವಾಗಿದ್ದರೆ ಎಂದಾದರೂ ಖಾಲಿ ಆಗಬೇಕಲ್ವಾ? ಕುದುರೆ ತಿರುಗಿಸಿದಷ್ಟು ಹೊತ್ತೂ ಬಿಸಿ ಬರ್ತಾನೇ ಇತ್ತು. ಹಾಗಾಗಿ ಶಾಖ ಅಂದರೆ ಒಂದು ಬಗೆಯ ಚಲನೆ ಇರಬೇಕು ಅಂತ 1798ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇಟ್ಟ. ಎಲ್ಲರೂ ತಕ್ಷಣ ಒಪ್ಪಲಿಲ್ಲ. ಎಷ್ಟು ಕೆಲಸಕ್ಕೆ ಎಷ್ಟು ಶಾಖ ಅಂತ ಜೂಲ್ ನಿಖರವಾಗಿ ಅಳೆಯೋಕೆ 1840ರ ದಶಕ ಬರಬೇಕಾಯ್ತು. ನಮಗೆ ಮಾತ್ರ ಇದೂ ಲಂಡನ್ ಬೆಂಕಿಗೂಡಿನ ಪ್ರಶ್ನೆಯ ಅಣ್ಣನ ಹಾಗೇ ಕಾಣುತ್ತೆ. ಅಲ್ಲಿ ಬಿಸಿ ಹೋಗೋದು ಎಲ್ಲಿಗೆ ಅಂತ ಕೇಳಿದ್ದ, ಇಲ್ಲಿ ಬರೋದು ಎಲ್ಲಿಂದ ಅಂತ ಕೇಳಿದ.

ಆರಿದ ಮನೆ

1799ರಲ್ಲಿ ಜೋಸೆಫ್ ಬ್ಯಾಂಕ್ಸ್ ಮುಂತಾದವರ ಜೊತೆ ಸೇರಿ ಲಂಡನ್ನಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಕಟ್ಟಿದ. ಹಂಫ್ರಿ ಡೇವಿಯನ್ನ ಕೆಲಸಕ್ಕೆ ಕರೆತಂದಿದ್ದು ಇವನ ಕಾಲದಲ್ಲೇ. ಮುಂದೆ ಡೇವಿಯ ಸಹಾಯಕನಾಗಿ ಅಲ್ಲಿಗೆ ಫ್ಯಾರಡೆ ಬಂದ. ಆದರೆ ರಮ್‌ಫರ್ಡ್‌ಗೆ ಯಾರ ಜೊತೆಗೂ ಬಹಳ ದಿನ ಹೊಂದಿಕೆ ಆಗ್ತಿರಲಿಲ್ಲ. 1802ರಲ್ಲಿ ಅದನ್ನೂ ಬಿಟ್ಟು ಹೊರಟ.

1805ರಲ್ಲಿ ಪ್ಯಾರಿಸ್‌ನಲ್ಲಿ ಎರಡನೇ ಮದುವೆ. ವಧು ಯಾರು ಗೊತ್ತಾ? ಫ್ರೆಂಚ್ ಕ್ರಾಂತಿಯಲ್ಲಿ ತಲೆ ಕಳೆದುಕೊಂಡ ಲವಾಸಿಯೆಯ ಹೆಂಡತಿ ಮರಿ ಆನ್. ಕ್ಯಾಲೊರಿಕ್ ಅನ್ನೋ ದ್ರವವನ್ನ ಮೂಲವಸ್ತುಗಳ ಪಟ್ಟಿಗೆ ಸೇರಿಸಿದವನೇ ಆ ಲವಾಸಿಯೆ! ಆಕೆಗೆ ಮನೆ ತುಂಬ ಅತಿಥಿಗಳು ಬೇಕು, ಇವನಿಗೆ ಒಂಟಿಯಾಗಿ ಪ್ರಯೋಗ ಮಾಡಬೇಕು. ಒಂದು ಸಲ ಅತಿಥಿಗಳು ಬರದ ಹಾಗೆ ಇವನು ಗೇಟಿಗೆ ಬೀಗ ಹಾಕಿಸಿದ. ಆಕೆ ಸಿಟ್ಟಿಗೆ ಇವನು ಮುದ್ದಿನಿಂದ ಬೆಳೆಸಿದ ಹೂಗಿಡಗಳಿಗೆ ಕುದಿಯೋ ನೀರು ಸುರಿದರಂತೆ. ಈ ಸಂಗತಿ ಅವನು ಮಗಳಿಗೆ ಬರೆದ ಪತ್ರದಿಂದಲೇ ಗೊತ್ತಾಗಿದ್ದು. 1809ರಲ್ಲಿ ಬೇರೆಯಾದರು. 1814ರ ಆಗಸ್ಟ್ 21ರಂದು ಪ್ಯಾರಿಸ್ ಬಳಿಯ ಓತೈನಲ್ಲಿ ತೀರಿಕೊಂಡ. ಹುಡುಗನಾಗಿ ನಡೆದು ಹೋಗಿ ಪಾಠ ಕೇಳುತ್ತಿದ್ದ ಹಾರ್ವರ್ಡ್‌ಗೆ, ಅಲ್ಲೊಂದು ಪ್ರಾಧ್ಯಾಪಕ ಹುದ್ದೆ ಇಡಲು ಉಯಿಲಿನಲ್ಲಿ ಹಣ ಬಿಟ್ಟಿದ್ದ.

ನಮಗೆ ಉಳಿದಿದ್ದು

ಇದನ್ನ ಬರೆಯೋಕೆ ಕೂತಾಗ ನಮ್ಮ ನಾಲ್ವರಲ್ಲಿ ಜಗಳವೇ ಆಯ್ತು. ಹೆಂಡತಿ ಮಗುವನ್ನ ಬಿಟ್ಟು ಓಡಿದವನು, ಗೂಢಚಾರ, ಸಮಾಧಿ ಕಲ್ಲು ಕಿತ್ತ ಪಡೆಯ ಒಡೆಯ. ಇಂಥವನ ಬಗ್ಗೆ ಯಾಕೆ ಬರೀಬೇಕು ಅಂತ ಇಬ್ಬರು. ಅವನ ಇಟ್ಟಿಗೆ ಲೆಕ್ಕದಿಂದ ಎಷ್ಟು ಮನೆ ಬೆಚ್ಚಗಾಯ್ತು, ಅದನ್ನೂ ನೋಡಿ ಅಂತ ಇನ್ನಿಬ್ಬರು. ಜಗಳ ಬಗೆಹರಿದಿಲ್ಲ. ಅವನ ಒಳ್ಳೇ ಕೆಲಸವನ್ನ ಅವನ ತಪ್ಪಿಗೆ ವಜಾ ಹಾಕಿ ಬಾಕಿ ಎಷ್ಟು ಅಂತ ಹೇಳೋ ಸೂತ್ರ ನಮಗಂತೂ ಸಿಕ್ಕಿಲ್ಲ. ಅದಕ್ಕೇ ಎರಡನ್ನೂ ಬರೆದಿದ್ದೀವಿ.

ಅವನ ಪ್ರಶ್ನೆ ಮಾತ್ರ ಇನ್ನೂ ಹಳೇದಾಗಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಅನ್ನೋ ವಿಭಾಗ ಶುರುವಾಯ್ತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲೂ ಬೆಂಕಿಗೆ ಮುಚ್ಚಿದ ಗೂಡು, ಮೇಲೆ ಮೂರು ಪಾತ್ರೆ, ಹೊಗೆಗೆ ಕೊಳವೆ. ಅವರ ಮುಂದಿದ್ದದ್ದೂ ಅದೇ ಸಮಸ್ಯೆ. ಸೌದೆ ಸುಮ್ಮನೆ ಹೋಗ್ತಿದೆ, ಅಡುಗೆ ಮಾಡೋರ ಎದೆಗೆ ಹೊಗೆ ಹೋಗ್ತಿದೆ. ಒಲೆ ಮುಂದೆ ಕೂತವರು ಹೆಂಗಸರು, ಅನ್ನೋ ಕಾರಣಕ್ಕೇ ಬಹುಶಃ ಎಂಜಿನಿಯರುಗಳು ಅಲ್ಲಿಗೆ ಬರೋಕೆ ಅಷ್ಟು ತಡ ಆಯ್ತೇನೋ.

ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ವೋಲ್ಟೇಜ್ ಏರಿಸೋರು, ಕೋಡ್ ನಿಧಾನ ಆದಾಗ ದೊಡ್ಡ ಲ್ಯಾಪ್‌ಟಾಪ್ ಕೇಳೋರು, ಮಾರ್ಕ್ಸ್ ಬರದಿದ್ದಾಗ ಇನ್ನೊಂದು ಟ್ಯೂಷನ್ ಸೇರೋರು ನಾವು. ಎಲ್ಲಾ ಸೌದೆ ತುರುಕೋ ಕೆಲಸವೇ. ಮುಂದಿನ ರಜೆಗೆ ಮತ್ತೆ ಆ ಅಜ್ಜಿ ಮನೆಗೆ ಹೋಗ್ತೀವಿ. ಈ ಸಲ ಒಲೆ ಹಚ್ಚೋ ಮುಂಚೆ ಬೂದಿ ತೆಗೀತೀವಿ.